ನಾಟಕದ ಶಕುಂತಲೆಯೂ ಚಿತ್ರದ ಭಾರತವೂ

ಬೀದರ ನಗರದಿಂದ ಭಾಲ್ಕಿಗಾಗಲಿ ಔರಾದಿಗಾಗಲಿ ಹೊರಟವರ ಕಿವಿಗೆ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ದಾರಿಯಲ್ಲಿ ಬೀಳುವುವು. ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಟ್ಟ ಮುದುಕಿಯನ್ನು ಕಂಡು ಆಕೆಯ ಮನೆಮಾತು ಯಾವುದೆಂದು ಹೇಳುವುದು ನಮಗೆ ಸಾಧ್ಯವಾಗದು. ಉಡಿಗೆಯಿಂದ ನಾಡನ್ನು ಗುರುತಿಸಬಹುದೇ? ಶ್ರೋತೃಗಳೇ, ಈ ಪ್ರಶ್ನೆ ರಾಜಾ ರವಿವರ್ಮನನ್ನೂ ಕಾಡಿತ್ತು.

ಶಕುಂತಲೆಯು ಭರತನ ತಾಯಿ. ಆದುದರಿಂದಲೇ ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ, ಜನರು ತಾವೆಲ್ಲ ಒಂದು ರಾಷ್ಟ್ರವೆಂದು ಭಾವಿಸತೊಡಗಿದಾಗ, ಕಾಳಿದಾಸನ ನಾಟಕವು ಬರಿಯ ಪ್ರೇಮಕಥೆಯಾಗಿ ಉಳಿಯಲಿಲ್ಲ. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಮರಾಠಿ ಶಾಕುಂತಲವನ್ನು ರಂಗಕ್ಕೆ ತಂದರು. ಅವರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಎಂಬುದನ್ನು ಇಲ್ಲಿ ನೆನೆದರೆ ತಪ್ಪಾಗದು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ನಾಟಕಸಭೆಗಾಗಿ ಬಸವಪ್ಪಶಾಸ್ತ್ರಿಗಳು ಅದೇ ನಾಟಕವನ್ನು ಕನ್ನಡಿಸಿದರು.

ರವಿವರ್ಮನು ಕಥಕಳಿಯ ನಾಡಿನವನು. ಮುಂಬಯಿಯಲ್ಲಿ ನಾಟಕಗಳನ್ನು ನೋಡಿದವನು. ಅವನ ಪೌರಾಣಿಕ ಚಿತ್ರಗಳಲ್ಲಿ ಪಾತ್ರಗಳು ಪರದೆ ಎದ್ದ ಕ್ಷಣದಲ್ಲಿ ನಿಂತಂತೆ ನಿಂತಿರುವುವು. ಬರೋಡೆಯ ಅರಸರಿಗಾಗಿ 14 ಚಿತ್ರಗಳನ್ನು ಬರೆಯಬೇಕಾಗಿ ಬಂದಾಗ, 1888ರಲ್ಲಿ, ಪುರಾಣಸ್ತ್ರೀಯರಿಗೆ ಯಾವ ಉಡುಪು ತಕ್ಕುದೆಂದು ತಿಳಿಯಲು ಅವನು ತಮ್ಮನೊಡನೆ ಉತ್ತರ ದೇಶವನ್ನು ಸುತ್ತಿದನು. ಪ್ರಾಂತಕ್ಕೊಂದು ಬಗೆ! ಕೊನೆಗೆ ಸೀರೆಯೇ ಗೆದ್ದಿತು. 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಅವನ ಮುದ್ರಣಾಲಯದಿಂದ ಹೊರಬಂದ ಮೊದಲ ಚಿತ್ರ ಶಕುಂತಲೆಯ ಜನನ. ನಾಟಕಶಾಲೆಯ ಟಿಕೇಟು ಕೊಳ್ಳಲಾರದವರ ಗೋಡೆಗೂ ಶಕುಂತಲೆ ಬಂದಳು.

ಆದರೆ ಒಂದೇ ಸೀರೆಯಲ್ಲಿ ಇಡಿಯ ದೇಶ ಅಡಗೀತೇ? ಬೀದರದವರು ಒಪ್ಪಲಾರರು. ನಗರದ ಪಕ್ಕದ ಅಷ್ಟೂರಿನಲ್ಲಿ, 1436ರಲ್ಲಿ ತೀರಿದ ಬಹಮನಿ ಸುಲ್ತಾನ ಅಹಮದ್ ಶಾಹನ ಸಮಾಧಿಯಿದೆ. ಒಳಗೋಡೆಗಳ ತುಂಬ ವರ್ಣಚಿತ್ರಣ. ಅವನನ್ನು ಮುಸಲ್ಮಾನರು ವಲಿಯೆಂದೂ ಲಿಂಗಾಯತರು ಅಲ್ಲಮಪ್ರಭುವೆಂದೂ ನಂಬಿ ಒಂದೇ ಜಾತ್ರೆಗೆ ನೆರೆಯುವರು. ಇಂಥ ಸೀಮೆಗೆ ಯಾವ ವೇಷ ತೊಡಿಸುವುದು?

ರವಿವರ್ಮನಿಗೂ ಈ ಸಂದೇಹ ಇದ್ದಿರಬೇಕೆಂದು ನಮಗೆ ತೋರುವುದು. ಮೈಸೂರು ಮಹಾರಾಜರಿಗಾಗಿ 1889ರಲ್ಲಿ ಅವನು ಬರೆದ, ಜಗನ್ಮೋಹನ ಅರಮನೆಯಲ್ಲಿರುವ ಗಾಯಕಿಯರ ಚಿತ್ರದಲ್ಲಿ ಹನ್ನೊಂದು ಮಂದಿ ಸ್ತ್ರೀಯರು ರಂಗದ ಮೇಲೆ ಸೇರಿದವರಂತೆ ಇರುವರು. ವೀಣೆ ಹಿಡಿದ ನಾಯರ್ ಹೆಂಗಸೂ ಮುಸಲ್ಮಾನ ಗಾಯಕಿಯೂ ಅಲ್ಲಿ ಉಂಟು. ಒಬ್ಬೊಬ್ಬರಿಗೂ ತಮ್ಮ ತಮ್ಮ ಉಡುಪು. ಮೇಳ ಕೂಡಿದೆ, ಆದರೆ ಅವರು ಒಬ್ಬರೊಡನೊಬ್ಬರು ಮಾತಾಡುವಂತೆ ಕಾಣದು. ಶಕುಂತಲೆಗಿಂತ ಈ ಚಿತ್ರವನ್ನೇ ನಾವು ಮಿಗಿಲೆಂದು ಬಗೆಯುತ್ತೇವೆ.

1956ರಲ್ಲಿ ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಯನ್ನು ಭಾಷೆ ನೋಡಿ ಹಂಚಿದರು. ಬೀದರ, ಭಾಲ್ಕಿ, ಔರಾದುಗಳು ಮೈಸೂರಿಗೆ ಬಂದುವು. ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ, ಜಹೀರಾಬಾದು, ನಾರಾಯಣಖೇಡ ಆಂಧ್ರಕ್ಕೆ ಹೋದುವು. ಗಡಿಯ ಕಲ್ಲನ್ನು ದಾಟಿ ಉದಗೀರಕ್ಕೆ ಹೋದರೂ ಮುದುಕಿಯರ ಸೀರೆಯ ಕಚ್ಚೆ ಔರಾದಿನಲ್ಲಿದ್ದಂತೆಯೇ ಇರುವುದು.