ಬಾವಿಯ ಬಾಯಿ ಮುಚ್ಚುವ ವಿದ್ಯೆ

ಚಿಂಚಲಿಯ ಮಾಯಕ್ಕನ ಜಾತ್ರೆಗೆ ಬರುವ ಚಕ್ಕಡಿಗಳ ಗಾಲಿ ನೋಡಿ. ಕಬ್ಬಿಣದ ಹಳಿಯನ್ನು ಕಮ್ಮಾರ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ಏರಿಸಿ ನೀರು ಸುರಿಯುತ್ತಾನೆ. ಕಬ್ಬಿಣ ಕುಗ್ಗಿ ಮರವನ್ನು ಕಚ್ಚಿ ಹಿಡಿಯುತ್ತದೆ. ಆಕಾರ ಬದಲಿಸುವ ವಸ್ತುಗಳ ಚರಿತ್ರೆಯನ್ನು ನಾನು ಇಲ್ಲಿಂದಲೇ ಶುರು ಮಾಡುತ್ತೇನೆ.

ಹಳಿಗೆ ನೆನಪಿಲ್ಲ, ನಿಜ. ನೆನಪಿರುವ ಲೋಹ ಸಿಕ್ಕಿದ್ದು ಅಮೆರಿಕದ ನೌಕಾದಳದ ಪ್ರಯೋಗಾಲಯದಲ್ಲಿ. ವಿಲಿಯಂ ಬ್ಯೂಲರ್ 1959ರಲ್ಲಿ ಗುರುತಿಸಿದ ನಿಕ್ಕೆಲ್-ಟೈಟೇನಿಯಂ ಮಿಶ್ರಲೋಹಕ್ಕೆ ‘ನಿಟಿನಾಲ್’ ಎಂದು ಹೆಸರು. ಮಡಚಿದ ಅದರ ಪಟ್ಟಿಗೆ ಸಭೆಯೊಂದರಲ್ಲಿ ಯಾರೋ ಲೈಟರ್ ಹಿಡಿದರು. ಪಟ್ಟಿ ತಾನೇ ನೆಟ್ಟಗಾಯಿತು. ಮುಂದೆ ಇದೇ ಗುಣದ ಪ್ಲಾಸ್ಟಿಕ್ಕುಗಳೂ ಬಂದವು.

ತೈಲಬಾವಿಗೆ ಇವು ಬೇಕಾದದ್ದು ಸಿಮೆಂಟಿನ ದೌರ್ಬಲ್ಯದಿಂದ. ಸಿಮೆಂಟು ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ. ಕೂದಲೆಳೆಯಷ್ಟು ಸಂದು ಸಾಕು, ಅನಿಲ ಮೇಲೇರುತ್ತದೆ. ಅದಕ್ಕೇ ಹಿಚುಕಿ ಸಣ್ಣಗಾಗಿಸಿದ ಪ್ಲಾಸ್ಟಿಕ್ಕನ್ನು ಕೆಳಗಿಳಿಸುತ್ತಾರೆ. ಭೂಮಿಯ ಶಾಖ ತಾಗಿದೊಡನೆ ಅದು ಹಳೆಯ ಗಾತ್ರ ನೆನೆದು ಹಿಗ್ಗಿ ಗೋಡೆಗೆ ಒತ್ತಿಕೊಳ್ಳುತ್ತದೆ. ಬಿಸ್ಮತ್ ಲೋಹದ್ದು ಬೇರೆ ದಾರಿ: ನೀರು ಮಂಜುಗಡ್ಡೆಯಾದಂತೆ, ಕರಗಿದ್ದು ಗಟ್ಟಿಯಾಗುವಾಗ ಉಬ್ಬುತ್ತದೆ.

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್‌ನಲ್ಲಿ ಬಾವಿಯ ತಳದ ಸಿಮೆಂಟು ತಡೆಯದೆ 11 ಮಂದಿ ಸತ್ತರು. ಅದೇ ವರ್ಷ ಫೆಬ್ರವರಿ 11ರಂದು ನಮ್ಮ ಸುಪ್ರೀಂ ಕೋರ್ಟು ಇನ್ನೊಂದು ಬಗೆಯ ಬಾವಿಯ ಬಗ್ಗೆ ಆದೇಶ ಕೊಟ್ಟಿತ್ತು: ಕೈಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಜೇಡಿ, ಮರಳು, ಕಲ್ಲುಗಳಿಂದ ತುಂಬಬೇಕು.

ಏಳು ವರ್ಷಗಳ ನಂತರ, 2017ರ ಏಪ್ರಿಲ್‌ನಲ್ಲಿ, ಚಿಂಚಲಿಯ ಪಕ್ಕದ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ ತೆರೆದ ಕೊಳವೆಬಾವಿಗೆ ಬಿದ್ದಳು. ಎರಡು ದಿನ ಅಗೆದರೂ ಅವಳನ್ನು ಜೀವಂತ ತೆಗೆಯಲಾಗಲಿಲ್ಲ.

ತೈಲಬಾವಿಯನ್ನು ಮುಚ್ಚಿಸುವುದು ಒಳಗಿಂದ ಏನು ಮೇಲೆ ಬಂದೀತೆಂಬ ಭಯ. ಬತ್ತಿದ ಬೋರಿನಿಂದ ಏನೂ ಬರುವುದಿಲ್ಲ. ಕೇಸಿಂಗ್ ಪೈಪಿಗೆ ಬೆಲೆಯುಂಟು, ಅದನ್ನು ಕಿತ್ತು ಮುಂದಿನ ಬೋರಿಗೆ ಒಯ್ಯುತ್ತಾರೆ. ತೂತು ಹಾಗೇ ಉಳಿಯುತ್ತದೆ. ಮುಚ್ಚಲು ತಂತ್ರಜ್ಞಾನ ಇರಲಿಲ್ಲವೆಂದು ಚರಿತ್ರೆಯ ವಿದ್ಯಾರ್ಥಿಯಾಗಿ ನಾನು ಬರೆಯಲಾರೆ.

ಬಾವಿಯ ಸಂದು ಮುಚ್ಚಲು ಜಗತ್ತಿನೆಲ್ಲೆಡೆ ಬಳಸುವ ಬೆಂಟೊನೈಟ್ ಎಂಬುದು ನೀರು ಕುಡಿದು ಉಬ್ಬುವ ಜೇಡಿ. ಅದನ್ನು ಉಬ್ಬಿಸುವ ಮಾಂಟ್‌ಮೊರಿಲೊನೈಟ್ ಖನಿಜವೇ ಕೃಷ್ಣಾ ಸೀಮೆಯ ಎರೆಮಣ್ಣಿನಲ್ಲೂ ಇದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಹೊಲ ಮೊದಲ ಮಳೆಗಳಲ್ಲಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುವುದು ಅದರಿಂದಲೇ.