ಸಕ್ಕರೆ ಕಾಯಿಲೆ, ಇನ್ಸುಲಿನ್ ಮತ್ತು ಒಂದು ಹಳೇ ಭಯ

ಸಂಗೊಳ್ಳಿ, ಬೈಲಹೊಂಗಲದ ಕಡೆ 'ಸಕ್ಕರಿ ಬ್ಯಾನಿ' ಈಗ ಹೊಸ ಮಾತಲ್ಲ. ಅದರ ಜೊತೆಗೇ ಓಡಾಡುವ ಒಂದು ಭಯವನ್ನು ನೀವೂ ಕೇಳಿರಬಹುದು: "ಇನ್ಸುಲಿನ್ ಸೂಜಿ ಚಾಲೂ ಮಾಡಿದ್ರ ಗಂಡಸ್ತನ ಹೋಗತೈತಿ, ಮಕ್ಕಳಾಗೂದಿಲ್ಲ." ಇತಿಹಾಸ ನೋಡಿದರೆ ನಡೆದದ್ದು ಇದರ ಉಲ್ಟಾ!

1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಅದನ್ನು ಮೊದಲು ಚುಚ್ಚಿದರು. ಅದಕ್ಕೂ ಮುಂಚೆ ಈ ಕಾಯಿಲೆಯ ಹೆಣ್ಣುಮಕ್ಕಳು ಬಸಿರಾಗುವುದೇ ಅಪರೂಪವಾಗಿತ್ತು. ಇನ್ಸುಲಿನ್ ಇಲ್ಲದ ದೇಹ ಉಂಡರೂ ಉಪವಾಸವಿದ್ದಂತೆ. ಅಂಡಾಶಯಕ್ಕೆ ಮೆದುಳು ಕಳಿಸುವ ಹಾರ್ಮೋನ್ ಸಂದೇಶ ತಗ್ಗಿ ಮುಟ್ಟು ನಿಲ್ಲುತ್ತದೆ. ಸೂಜಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ತೊಟ್ಟಿಲು ತೂಗಿತು.

ಆದರೆ ಇನ್ಸುಲಿನ್ ಅತಿಯಾದರೂ ತೊಂದರೆಯೇ. ದೇಹ ಅದರ ಮಾತು ಕೇಳದಿದ್ದಾಗ ರಕ್ತದಲ್ಲಿ ಅದು ಏರುತ್ತದೆ. ಆಗ ಲೈಂಗಿಕ ಹಾರ್ಮೋನುಗಳನ್ನು ಹಿಡಿದಿಡುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುತ್ತದೆ ಎಂದು 1980ರ ದಶಕದ ಪ್ರಯೋಗಗಳು ತೋರಿಸಿದವು. ಪಿಸಿಒಎಸ್ ಇರುವ ಹೆಣ್ಣುಮಕ್ಕಳಲ್ಲಿ ಗಂಡು ಹಾರ್ಮೋನ್ ಏರಲು ಇದೂ ಒಂದು ಕಾರಣ.

ಇನ್ನು ಗಂಡಸರ ಮಾತು. 2004ರಲ್ಲಿ ಅಮೆರಿಕದ ಬಫೆಲೊದಲ್ಲಿ ಪರೇಶ್ ದಂಡೋನಾ ತಂಡ 103 ಟೈಪ್ 2 ರೋಗಿಗಳನ್ನು ಪರೀಕ್ಷಿಸಿತು. ಮೂವರಲ್ಲಿ ಒಬ್ಬರಿಗೆ ಟೆಸ್ಟೋಸ್ಟೆರಾನ್ ಕಡಿಮೆ! ಬಹುಪಾಲು ಜನರಲ್ಲಿ ದೋಷ ಇದ್ದದ್ದು ವೃಷಣದಲ್ಲಲ್ಲ, ಮೆದುಳಿನಿಂದ ಬರುವ ಸಂದೇಶದಲ್ಲಿ. ಬೊಜ್ಜು ಹೆಚ್ಚಿದಷ್ಟೂ ಹಾರ್ಮೋನ್ ಇಳಿದಿತ್ತು.

ಅಂದರೆ ಗಂಡಸ್ತನ ಕದಿಯುವುದು ಸೂಜಿಯಲ್ಲ, ಕಾಯಿಲೆ. ಹೆದರಿ ಇನ್ಸುಲಿನ್ ಬಿಡಬೇಡಿ, ಡಾಕ್ಟರ ಹತ್ತಿರ ನಾಚದೆ ಕೇಳಿ. ಮತ್ತೆ, ಸೊಸೆಗೆ 'ಬಂಜೆ' ಎನ್ನುವ ಮುಂಚೆ ಮಗನ ರಕ್ತಪರೀಕ್ಷೆಯೂ ಆಗಲಿ. ಏನಂತೀರಿ?