ಹೈದರಾಲಿಯನ್ನು ತಡೆದ ಕಡಲು: ಚೆನ್ನೈ ಕನ್ನಡಿಗರಿಗೆ ಜನ ಕಡಿಮೆ ಇರೋ ನಾಲ್ಕು ದಡ



ಲಾಂಗ್ ವೀಕೆಂಡ್ ಬಂತು ಅಂದರೆ ಓಎಂಆರ್‌ನಲ್ಲಿ ಕೆಲಸ ಮಾಡೋ ನಮ್ಮ ಜನಕ್ಕೆ ಎರಡೇ ದಾರಿ. ಬೆಂಗಳೂರು ರೈಲಿಗೆ ಟಿಕೆಟ್ ಸಿಕ್ಕರೆ ಊರು, ಸಿಗದಿದ್ದರೆ ಇಸಿಆರ್. ಇಸಿಆರ್ ಅಂದರೂ ಮಹಾಬಲಿಪುರ, ಬಿಟ್ಟರೆ ಪಾಂಡಿಚೇರಿ. ಎರಡೂ ಕಡೆ ಪಾರ್ಕಿಂಗ್ ಹುಡುಕೋದರಲ್ಲೇ ಅರ್ಧ ದಿನ ಹೋಗುತ್ತೆ. ಅದೇ ಸಮುದ್ರ, ಅದೇ ಮರಳು ಇರೋ ಎಷ್ಟೋ ಊರುಗಳ ದಡ ಮಾತ್ರ ಖಾಲಿ.

ಯಾಕೆ ಖಾಲಿ? ಇವತ್ತು ಹೇಳೋ ನಾಲ್ಕು ಊರೂ ಒಂದು ಕಾಲಕ್ಕೆ ಹಡಗು, ಬಟ್ಟೆ ವ್ಯಾಪಾರ, ದುಡ್ಡು ತುಂಬಿದ್ದ ಊರುಗಳು. ಹಡಗು ಬರೋದು ನಿಂತಿತು, ಜನಸಂದಣಿಯೂ ಕರಗಿತು. ಇದೇ ದಡದಲ್ಲಿ ಮೈಸೂರಿನ ಹಣೆಬರಹವೂ ಒಂದು ಸಲ ತೂಗಾಡಿತ್ತು. ಮೊದಲು ಆ ಕಥೆ ಕೇಳಿ, ಆಮೇಲೆ ದಾರಿ ಹೇಳ್ತೀನಿ.

ಬಂದರೇ ಇಲ್ಲದ ಕರಾವಳಿ

ನಮ್ಮ ಕಾರವಾರ ನೆನಪಿಸಿಕೊಳ್ಳಿ. ಗುಡ್ಡ ಸಮುದ್ರದ ತನಕ ಇಳಿದು ಬರುತ್ತೆ, ಕೊಲ್ಲಿ ಇದೆ, ಹಡಗು ಗಾಳಿಗೆ ಮರೆಯಾಗಿ ನಿಲ್ಲಬಹುದು. ಚೋಳಮಂಡಲ ಕರಾವಳಿ ಹಾಗಲ್ಲ. ಗೆರೆ ಎಳೆದ ಹಾಗೆ ನೇರವಾದ ಮರಳು ದಡ, ಮರೆ ಅನ್ನೋದೇ ಇಲ್ಲ. ಹಡಗುಗಳು ದೂರದಲ್ಲೇ ಲಂಗರು ಹಾಕಬೇಕಿತ್ತು. ಸರಕು, ಜನ ಎಲ್ಲಾ ಮಸೂಲಾ ದೋಣಿಯಲ್ಲಿ ಅಲೆ ದಾಟಿ ದಡ ಸೇರಬೇಕಿತ್ತು. ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ಮಾಡಿದ ದೋಣಿ ಅದು. ಅಲೆ ಎತ್ತಿ ಕುಕ್ಕಿದರೂ ಬಾಗುತ್ತಿತ್ತು, ಬಿರಿಯುತ್ತಿರಲಿಲ್ಲ.

ಹಾಗಾಗಿ ವ್ಯಾಪಾರಿಗಳು ಹಿನ್ನೀರು, ಅಳಿವೆ ಇರೋ ಜಾಗ ಹುಡುಕಿ ಕೂತರು. 19ನೇ ಶತಮಾನದ ಕೊನೆಯಲ್ಲಿ ಮದ್ರಾಸಿನಲ್ಲಿ ಸಮುದ್ರದೊಳಕ್ಕೆ ಕಲ್ಲಿನ ಗೋಡೆ ಕಟ್ಟಿ ಬಂದರು ಮಾಡಿದರು. 1881ರ ಚಂಡಮಾರುತ ಅದನ್ನು ಒಡೆದುಹಾಕಿತು, ಬಿಡದೆ ಮತ್ತೆ ಕಟ್ಟಿದರು. ದಕ್ಷಿಣದಿಂದ ಉತ್ತರಕ್ಕೆ ಸರಿಯೋ ಮರಳು ಆ ಗೋಡೆಗೆ ತಡೆದು ನಿಂತಿದ್ದರಿಂದಲೇ ಮರೀನಾ ಬೀಚ್ ಇಷ್ಟು ಅಗಲ ಆಯ್ತು. ಗೋಡೆಯ ಉತ್ತರಕ್ಕಿರೋ ರಾಯಪುರಂ ಕಡೆ ದಡ ಕೊರೆದು ಹೋಯ್ತು. ಹಡಗೆಲ್ಲ ಒಂದೇ ಕಡೆ ಸೇರಿದ ಮೇಲೆ ಹಳೆಯ ಸಣ್ಣ ಬಂದರುಗಳನ್ನು ಕೇಳೋರೇ ಇಲ್ಲದಂತಾಯ್ತು.

ನೆಲ ಗೆದ್ದವನಿಗೆ ನೀರು ದಕ್ಕಲಿಲ್ಲ

1780ರ ಜುಲೈ. ಹೈದರಾಲಿ ದೊಡ್ಡ ಸೇನೆಯೊಂದಿಗೆ ಘಟ್ಟ ಇಳಿದು ಈ ಬಯಲಿಗೆ ಬಂದ. ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಮಣ್ಣುಮುಕ್ಕಿತು. ಶಾಲೆಯಲ್ಲಿ ನಾವೆಲ್ಲ ಓದಿದ್ದು ಇಷ್ಟು. ಮುಂದೆ ಆರ್ಕಾಟೂ ಹೈದರನ ಕೈ ಸೇರಿತು. ಹಾಗಿದ್ದೂ ಮದ್ರಾಸ್ ಯಾಕೆ ಬೀಳಲಿಲ್ಲ?

ಉತ್ತರ ಸಮುದ್ರದಲ್ಲಿದೆ. ಸುತ್ತಲ ಹಳ್ಳಿಗಳಿಂದ ಕಾಳು ಬರದಿದ್ದರೂ ಕೋಟೆಗೆ ಬಂಗಾಳದಿಂದ ಹಡಗಿನಲ್ಲಿ ಅಕ್ಕಿ ಬರುತ್ತಿತ್ತು. ಸೇನಾಪತಿ ಐರ್ ಕೂಟ್ ಬಂದಿದ್ದೂ ಕಲ್ಕತ್ತೆಯಿಂದ ಹಡಗಿನಲ್ಲೇ. ಅದೇ ಡಿಸೆಂಬರ್‌ನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿಗೆ ಹೋಗಿ, ಅಲ್ಲಿದ್ದ ಹೈದರನ ಹಡಗುಗಳನ್ನು ನಾಶ ಮಾಡಿದ. ಹೈದರನಿಗೆ ನೌಕಾಬಲ ಅಂತ ಇದ್ದಿದ್ದು ಪಶ್ಚಿಮದಲ್ಲಿ. ಯುದ್ಧ ನಡೀತಾ ಇದ್ದಿದ್ದು ಪೂರ್ವದಲ್ಲಿ.

1781ರ ಫೆಬ್ರುವರಿಯಲ್ಲಿ ಒಂದು ಅವಕಾಶ ಬಂತು. ಕೂಟ್ ಕಡಲೂರಿನಲ್ಲಿ ಸಿಕ್ಕಿಬಿದ್ದಿದ್ದ, ಆಹಾರ ಮುಗಿಯುತ್ತಾ ಬಂದಿತ್ತು. ದಡದ ಕಡೆ ಹೈದರ್, ನೀರಿನಲ್ಲಿ ಫ್ರೆಂಚ್ ಹಡಗುಗಳು. ಆದರೆ ಫ್ರೆಂಚ್ ನಾಯಕ ದೋರ್ವ್ ಹೆಚ್ಚು ದಿನ ನಿಲ್ಲದೆ ಮಾರಿಷಸ್ ದ್ವೀಪಕ್ಕೆ ವಾಪಸ್ ಹೊರಟುಬಿಟ್ಟ. ಇಂಗ್ಲಿಷರಿಗೆ ಮತ್ತೆ ಸಮುದ್ರದಿಂದ ಅಕ್ಕಿ ಬಂತು. ಜುಲೈ 1ರಂದು ಪರಂಗಿಪೇಟೆಯಲ್ಲಿ ಕೂಟ್ ತನ್ನ ಸುಮಾರು 8,000 ಜನರ ಪಡೆಯಿಂದ ಹೈದರನ ಬಹುದೊಡ್ಡ ಸೇನೆಯನ್ನು ಹಿಮ್ಮೆಟ್ಟಿಸಿದ. ಆ ದಿನವೂ ದಡಕ್ಕೆ ಹತ್ತಿರ ಬಂದ ಇಂಗ್ಲಿಷ್ ಹಡಗೊಂದು ಮೈಸೂರು ಕುದುರೆ ಪಡೆಯ ಮೇಲೆ ಗುಂಡು ಹಾರಿಸಿತು.

ಮರುವರ್ಷ ಫ್ರೆಂಚರ ಸಫ್ರನ್ ಬಂದ. 1782ರ ಫೆಬ್ರುವರಿ 17ರಂದು ಸದ್ರಾಸ್ ಎದುರಿನ ಸಮುದ್ರದಲ್ಲಿ ಹ್ಯೂಸ್ ಜೊತೆ ಕಾದಾಡಿದ, ಫ್ರೆಂಚ್ ಸೈನಿಕರನ್ನು ಪರಂಗಿಪೇಟೆಯಲ್ಲಿ ಇಳಿಸಿದ. ಜುಲೈನಲ್ಲಿ ಕಡಲೂರಿನ ಬಳಿ ಹೈದರನನ್ನು ಭೇಟಿಯೂ ಆದ. ಆದರೆ ಹೊತ್ತು ಮೀರಿತ್ತು. ಅದೇ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ್ ತೀರಿಕೊಂಡ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಗ್ಲಿಷರಿಗೆ ಕಾಳು ಸಿಗಬಾರದು ಅಂತ ಮೈಸೂರು ಸೇನೆ ಈ ಸೀಮೆಯ ಹಳ್ಳಿಗಳನ್ನು ಸುಟ್ಟಿತು. 1782ರಲ್ಲಿ ಮದ್ರಾಸಿನಲ್ಲಿ ಭೀಕರ ಬರಗಾಲ. ಹಸಿವಿನಿಂದ ಸತ್ತವರು ಇಲ್ಲಿನ ಬಡವರು. ನಮಗೆ ಪೊಲ್ಲಿಲೂರು ವಿಜಯದ ಪಾಠ, ಅವರಿಗೆ ಅದು ಊರು ಬಿಟ್ಟು ಓಡಿದ ವರ್ಷ. ಆಫೀಸಿನಲ್ಲಿ ಪಕ್ಕದ ಸೀಟಿನ ತಮಿಳು ಗೆಳೆಯರ ಹತ್ತಿರ ಹೈದರನ ಬಗ್ಗೆ ಮಾತು ಬಂದಾಗ ಇದು ನೆನಪಿರಲಿ.

ಈಗ ದಾರಿ

ಉತ್ತರಕ್ಕೆ ಒಂದು ದಿನ: ಪಳವೇರ್ಕಾಡು, ಅಂದರೆ ಪುಲಿಕಾಟ್. ಚೆನ್ನೈನಿಂದ ಸುಮಾರು 60 ಕಿಲೋಮೀಟರ್. ವಿಜಯನಗರದ ಅರವೀಡು ಅರಸ ವೆಂಕಟಪತಿರಾಯ 1610ರಲ್ಲಿ ಡಚ್ಚರಿಗೆ ಇಲ್ಲಿ ವ್ಯಾಪಾರಕ್ಕೆ ಒಪ್ಪಿಗೆ ಕೊಟ್ಟ. 1613ರಲ್ಲಿ ಗೆಲ್ಡ್ರಿಯಾ ಕೋಟೆ ಎದ್ದಿತು. ಇಲ್ಲಿಂದ ಬಟ್ಟೆ ಹೋಯಿತು. ಬರಗಾಲದಲ್ಲಿ ಮಾರಿಕೊಂಡ ಮನುಷ್ಯರೂ ಗುಲಾಮರಾಗಿ ಬಟಾವಿಯಾಕ್ಕೆ ಹೋದರು. ಕೋಟೆ ಈಗ ಪೊದೆ ಬೆಳೆದ ಪಾಳು. ಡಚ್ ಸ್ಮಶಾನದ ಬಾಗಿಲಲ್ಲಿ ಕಲ್ಲಿನ ಅಸ್ಥಿಪಂಜರಗಳಿವೆ, ನೋಡಿ. ಚಳಿಗಾಲದಲ್ಲಿ ಸರೋವರಕ್ಕೆ ಫ್ಲೆಮಿಂಗೋ ಹಕ್ಕಿ ಬರುತ್ತವೆ. 2011ರ ಕ್ರಿಸ್‌ಮಸ್ ದಿನ ಇಲ್ಲಿ ಪ್ರವಾಸಿಗರ ದೋಣಿ ಮಗುಚಿ 20ಕ್ಕೂ ಹೆಚ್ಚು ಜನ ಸತ್ತರು. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ.

ದಕ್ಷಿಣಕ್ಕೆ ಮೂರು ದಿನ: ಮಹಾಬಲಿಪುರದಲ್ಲಿ ನಿಲ್ಲದೆ ಸ್ವಲ್ಪ ಮುಂದೆ ಹೋದರೆ ಕಲ್ಪಾಕ್ಕಂ ಪಕ್ಕದಲ್ಲೇ ಸದ್ರಾಸ್, ತಮಿಳಿನಲ್ಲಿ ಸದುರಂಗಪಟ್ಟಿನಂ. ಇಟ್ಟಿಗೆಯ ಡಚ್ ಕೋಟೆ, ಒಳಗೆ ಕೆತ್ತನೆಯ ಗೋರಿಕಲ್ಲುಗಳು. ಪುಲಿಕಾಟ್, ಸದ್ರಾಸ್ ಎರಡೂ 1825ರಲ್ಲಿ ಡಚ್ಚರಿಂದ ಇಂಗ್ಲಿಷರ ಕೈಗೆ ಬಂದವು, ಅಲ್ಲಿಗೆ ಅವುಗಳ ವ್ಯಾಪಾರದ ಕಥೆ ಮುಗಿಯಿತು.

ರಾತ್ರಿ ಕಡಲೂರಿನಲ್ಲೋ ಚಿದಂಬರದಲ್ಲೋ ಉಳಿದುಕೊಳ್ಳಿ. ಎರಡನೇ ದಿನ ಪರಂಗಿಪೇಟೆ, ವೆಲ್ಲಾರು ನದಿಯ ಅಳಿವೆ. ಹೆಸರು ನಮಗೆ ಹೊಸದೇನಲ್ಲ, ಪರಂಗಿ ಹಣ್ಣಿನ ಪರಂಗಿಯೇ ಇದು, ಅಂದರೆ ಯುರೋಪಿನವರು. ಯುದ್ಧದ ಕುರುಹು ಹುಡುಕಿಕೊಂಡು ಹೋದರೆ ನಿರಾಸೆ ಆಗುತ್ತೆ. ಅಳಿವೆಯ ಬಳಿ ನಿಂತು ಸಮುದ್ರ ನೋಡಿ, ಸೇನೆ ಎಲ್ಲಿಗೆ ಬಂದು ನಿಂತಿತು ಅನ್ನೋದು ತಾನಾಗೇ ಅರ್ಥ ಆಗುತ್ತೆ. ಹತ್ತಿರದಲ್ಲೇ ಪಿಚ್ಚಾವರಂ ಕಾಂಡ್ಲಾ ಕಾಡು.

ಮೂರನೇ ದಿನ ತರಂಗಂಬಾಡಿ. 1620ರಲ್ಲಿ ತಂಜಾವೂರಿನ ರಘುನಾಥ ನಾಯಕ ಡೆನ್ಮಾರ್ಕಿನವರಿಗೆ ಜಾಗ ಕೊಟ್ಟ, ಡಾನ್ಸ್‌ಬೋರ್ಗ್ ಕೋಟೆ ಎದ್ದಿತು. 1706ರಲ್ಲಿ ಬಂದ ಪಾದ್ರಿ ಜೀಗನ್‌ಬಾಲ್ಗ್ ಅಚ್ಚುಕೂಟ ತರಿಸಿ, 1715ರಲ್ಲಿ ತಮಿಳು ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ. 1845ರಲ್ಲಿ ಡೇನರು ಈ ಊರನ್ನೂ ಬಂಗಾಳದ ಸೆರಾಂಪುರವನ್ನೂ ಸೇರಿಸಿ ಇಂಗ್ಲಿಷರಿಗೆ 12.5 ಲಕ್ಷ ರೂಪಾಯಿಗೆ ಮಾರಿದರು. ಮುಂದೆ ರೈಲು ಬಂದಿದ್ದು ನಾಗಪಟ್ಟಿನಕ್ಕೆ, ಹಡಗುಗಳೂ ಅಲ್ಲಿಗೇ ಹೋದವು. ದಡದ ಮಾಸಿಲಾಮಣಿನಾಥರ್ ಗುಡಿಯ ಒಂದು ಭಾಗ ಸಮುದ್ರದ ಪಾಲಾಗಿದೆ.

ಜನವರಿಯಿಂದ ಮಾರ್ಚ್ ಹೋಗೋಕೆ ಒಳ್ಳೇ ಕಾಲ. ಅಕ್ಟೋಬರ್‌ನಿಂದ ಡಿಸೆಂಬರ್ ಹಿಂಗಾರು, ಚಂಡಮಾರುತದ ಕಾಲ, ಬೇಡ. ಈ ಕರಾವಳಿಯಲ್ಲಿ ಒಳಸೆಳೆತ ಜೋರು. ಖಾಲಿ ದಡ ಅಂದರೆ ಕಾಪಾಡೋರೂ ಇಲ್ಲದ ದಡ, ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ. ಕೋಟೆ, ಮ್ಯೂಸಿಯಂಗಳ ರಜೆ ದಿನ ಮೊದಲೇ ವಿಚಾರಿಸಿ.

ಇನ್ನೊಂದು ಮಾತು. ಕಂಪನಿಗಳು ಬಂದವು, ಹೋದವು. ಹೋಗದೆ ಉಳಿದವರು ಮೀನುಗಾರರು. 2004ರ ಸುನಾಮಿಯಲ್ಲಿ ಮನೆಯವರನ್ನೇ ಕಳೆದುಕೊಂಡರೂ ಮತ್ತೆ ಅದೇ ಸಮುದ್ರಕ್ಕೆ ದೋಣಿ ಇಳಿಸಿದವರು. ನಾವು ಪ್ರಶಾಂತ ಬೀಚ್ ಅಂತ ಹುಡುಕಿಕೊಂಡು ಹೋಗೋದು ಅವರ ಕೆಲಸದ ಜಾಗಕ್ಕೆ. ಬಲೆ ಒಣಗಿಸೋ ಕಡೆ ಕಾರು ನಿಲ್ಲಿಸಬೇಡಿ, ಕೇಳದೆ ಫೋಟೋ ತೆಗೆಯಬೇಡಿ, ಊಟ ಅಲ್ಲೇ ಮಾಡಿ, ಮೀನು ಅಲ್ಲೇ ಕೊಳ್ಳಿ. ಕನ್ನಡ ಸೀಮೆಯವರು ಈ ದಡಕ್ಕೆ ಒಮ್ಮೆ ಸೇನೆಯಾಗಿ ಬಂದಿದ್ದರು. ಈ ಸಲ ನೆಂಟರ ಹಾಗೆ ಹೋಗಿ ಬರೋಣ.